ಹೊಸ ಕಾದಂಬರಿ ಬಂದಿದೆಯಂತೆ: ಹುಡುಕೋದು ಎಲ್ಲಿ, ಬರೆಯೋದು ಹೇಗೆ

ಕನ್ನಡದಲ್ಲಿ ಹೊಸ ಕಾದಂಬರಿಯ ಆಯಸ್ಸು ಮೂರು ತಿಂಗಳು. ಇದು ನನ್ನ ಅಂದಾಜು, ಯಾರೂ ಲೆಕ್ಕ ಹಾಕಿದ್ದಲ್ಲ. ಬಿಡುಗಡೆಯ ದಿನ ಹಾರ, ಶಾಲು, ಫೋಟೊ. ಆಮೇಲೆ ಅಂಗಡಿಯ ಮುಂದಿನ ಮೇಜಿನ ಮೇಲೆ ಒಂದಷ್ಟು ದಿನ ಇರುತ್ತದೆ. ಅಷ್ಟರೊಳಗೆ ಯಾರೂ ನಾಲ್ಕು ಸಾಲು ಬರೆಯಲಿಲ್ಲ ಅಂದರೆ ಒಳಗಿನ ಕಪಾಟಿಗೆ ಹೋಗುತ್ತದೆ, ಬೆನ್ನು ಮಾತ್ರ ಕಾಣುವ ಹಾಗೆ. ಅಲ್ಲಿಗೆ ಹೋದಮೇಲೆ ಹೆಸರು ಹಿಡಿದು ಕೇಳುವವರಿಗೆ ಮಾತ್ರ ಅದು ಸಿಗುತ್ತದೆ.

ನಾನು ಕರಡು ತಿದ್ದುವವಳು. ಚಾಮರಾಜಪೇಟೆಯ ಒಂದು ಡಿಟಿಪಿ ಸೆಂಟರಿನಲ್ಲಿ ಕೂತು ಒತ್ತಕ್ಷರ, ದೀರ್ಘ, ಅಲ್ಪಪ್ರಾಣ, ಮಹಾಪ್ರಾಣ ನೋಡುವುದು ನನ್ನ ಕಸುಬು. ಸಂಜೆ ಹೊತ್ತು ಹೊಸ ಕಾದಂಬರಿ ಓದಿ ಅದರ ಬಗ್ಗೆ ಬರೆಯುತ್ತೇನೆ. ವಿಮರ್ಶೆ ಅನ್ನುವ ದೊಡ್ಡ ಹೆಸರು ಬೇಡ, ಪರಿಚಯ ಅಂತಲೇ ಅನ್ನೋಣ. ಕೆಲವು ಭಾನುವಾರದ ಪುರವಣಿಗಳಲ್ಲಿ ಬಂದಿವೆ. ಜಾಸ್ತಿ ಓಡಾಡುವುದು ನಮ್ಮ ಓದುಗರ ವಾಟ್ಸಾಪ್ ಗುಂಪಿನಲ್ಲಿ. "ನಂಗೂ ಬರೀಬೇಕು ಅನ್ಸುತ್ತೆ ಅಕ್ಕ, ಎಲ್ಲಿಂದ ಶುರು ಮಾಡ್ಲಿ?" ಅಂತ ಗುಂಪಿನ ಹುಡುಗರು, ಹುಡುಗಿಯರು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಐತಿಹಾಸಿಕ ಕಾದಂಬರಿಯ ಮಾತೇ ಹೆಚ್ಚು ಬಂದಿದೆ, ನನಗೆ ಅದರ ಹುಚ್ಚು ಸ್ವಲ್ಪ ಜಾಸ್ತಿ.

ಸುದ್ದಿ ಸಿಗುವ ಜಾಗ

ಹೊಸ ಪುಸ್ತಕದ ಸುದ್ದಿ ಮೊದಲು ಬರುವುದು ಆಮಂತ್ರಣ ಪತ್ರಿಕೆಯಲ್ಲಿ. ಈಗ ಅದು ಫೋನಿಗೇ ಬರುತ್ತದೆ. ನಿಮಗೆ ಹಿಡಿಸಿದ ನಾಲ್ಕೈದು ಪ್ರಕಾಶನದವರ ಫೇಸ್‌ಬುಕ್ ನೋಡುತ್ತಿರಿ, ಅವರ ವಾಟ್ಸಾಪ್ ಪಟ್ಟಿಗೆ ನಿಮ್ಮ ನಂಬರ್ ಕೊಡಿ. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನ ಯಾವುದೋ ಒಂದು ಸಭಾಂಗಣದಲ್ಲಿ ಪುಸ್ತಕ ಬಿಡುಗಡೆ ಇದ್ದೇ ಇರುತ್ತದೆ. ಬಸವನಗುಡಿಯ ವರ್ಲ್ಡ್ ಕಲ್ಚರ್, ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ನಯನ, ಕುಮಾರ ಪಾರ್ಕಿನ ಗಾಂಧಿ ಭವನ, ಬನಶಂಕರಿಯ ಸುಚಿತ್ರಾ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು. ಇಷ್ಟು ಜಾಗಗಳ ಮೇಲೆ ಕಣ್ಣಿಟ್ಟರೆ ಮುಕ್ಕಾಲು ಪಾಲು ಕಾರ್ಯಕ್ರಮ ಗೊತ್ತಾಗುತ್ತದೆ.

ಹೋಗಬೇಕಾ? ಹೋಗಿ. ಉಪ್ಪಿಟ್ಟು, ಕೇಸರಿಬಾತ್ ಇರುತ್ತದೆ, ಅದು ಬೇರೆ ಮಾತು. ಹೊರಗಡೆ ಮೇಜು ಹಾಕಿ ಪುಸ್ತಕ ಇಟ್ಟಿರುತ್ತಾರೆ, ಆ ದಿನದ ಮಟ್ಟಿಗೆ ರಿಯಾಯಿತಿ ಸಿಗುತ್ತದೆ. ಪುಸ್ತಕ ಕೊಂಡು ಹಿಂದಿನ ಸಾಲಿನಲ್ಲಿ ಕೂತು ಮೊದಲ ಅಧ್ಯಾಯ ಓದಿ. ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿ, ಎಲ್ಲರೂ ಪುಸ್ತಕವನ್ನು ಎದೆಯ ಹತ್ತಿರ ಹಿಡಿದು ಫೋಟೊಗೆ ನಿಂತಿರುವಾಗ ನೀವು ಮೂರನೇ ಪುಟದಲ್ಲಿರಬಹುದು. ಭಾಷಣಗಳನ್ನು ಮಾತ್ರ ಬರೆದುಕೊಳ್ಳಬೇಡಿ. ಅಲ್ಲಿ ಹೊಗಳುವುದು ಮರ್ಯಾದೆ. ಮದುವೆ ಮನೆಯಲ್ಲಿ ಹುಡುಗನ ಸಂಬಳದ ಬಗ್ಗೆ ಕೊಂಕು ತೆಗೆಯುತ್ತಾರಾ ಯಾರಾದರೂ? ಒಂದು ಮಾತು ಮಾತ್ರ ಗಮನಿಸಿ: ಪುಸ್ತಕ ನಿಜವಾಗಿ ಓದಿ ಬಂದವರು ಒಂದು ಚಿಕ್ಕ ಪಾತ್ರದ ಹೆಸರು ಹೇಳುತ್ತಾರೆ. ಓದದೆ ಬಂದವರು ಕನ್ನಡದ ಸ್ಥಿತಿಗತಿಯ ಬಗ್ಗೆ ಮಾತಾಡುತ್ತಾರೆ.

ಅಂಗಡಿಗಳ ವಿಷಯಕ್ಕೆ ಬರೋಣ. ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನ, ನವಕರ್ನಾಟಕದ ಮಳಿಗೆ, ಜಯನಗರದ ಟೋಟಲ್ ಕನ್ನಡ. ಒಂದೊಂದರ ಗುಣ ಒಂದೊಂದು. ನನ್ನ ಪಾಡಿಗೆ ನನಗೆ ನ್ಯಾಷನಲ್ ಕಾಲೇಜು ಮೆಟ್ರೊ ಇಳಿದು ಗಾಂಧಿ ಬಜಾರಿಗೆ ನಡೆಯುವುದು ಅಭ್ಯಾಸ. ಅಂಗಡಿಗೆ ಹೋದವರು ಸಾಮಾನ್ಯವಾಗಿ "ಹೊಸದು ಏನು ಬಂದಿದೆ?" ಅಂತ ಕೇಳುತ್ತಾರೆ. ಅದಕ್ಕೆ ಸಿಗುವ ಉತ್ತರ ಮುಂದಿನ ಮೇಜಿನ ಮೇಲೆ ಆಗಲೇ ಇದೆ. ಬೇರೆ ಎರಡು ಪ್ರಶ್ನೆ ಕೇಳಿ. "ಎರಡನೇ ಸಲ ತರಿಸಿದ್ದು ಯಾವುದು ಸಾರ್?" ಇದರಿಂದ ಓದುಗರು ತಾವಾಗಿ ಕೇಳಿಕೊಂಡು ಬರುತ್ತಿರುವ ಪುಸ್ತಕ ಗೊತ್ತಾಗುತ್ತದೆ. "ವಾಪಸ್ ಕಳಿಸ್ತಾ ಇರೋದು ಯಾವುದು?" ಇದು ಇನ್ನೂ ಒಳ್ಳೆಯ ಪ್ರಶ್ನೆ. ಮಾರಾಟವಾಗದ ಪ್ರತಿಗಳನ್ನು ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಆ ಕಟ್ಟನ್ನು ಒಮ್ಮೆ ಬಿಚ್ಚಿಸಿ ನೋಡಿ. ಕೆಳದಿಯ ಕಾಲದ ಒಂದು ಒಳ್ಳೆಯ ಕಾದಂಬರಿ ನನಗೆ ಸಿಕ್ಕಿದ್ದು ಹಾಗೇ. ಅಂಗಡಿಯವರು, "ಅಯ್ಯೋ ಅದನ್ಯಾಕೆ ಮೇಡಂ ತಗೋತೀರಾ, ಯಾರೂ ಕೇಳಿಲ್ಲ" ಅಂದಿದ್ದರು.

ವಾರಪತ್ರಿಕೆ, ಮಾಸಪತ್ರಿಕೆಗಳ ಮೇಲೂ ಕಣ್ಣಿರಲಿ. ಸುಧಾ, ತರಂಗದಂಥ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಆಮೇಲೆ ಪುಸ್ತಕವಾಗುವುದು ನಮ್ಮಲ್ಲಿ ಹಳೇ ಪದ್ಧತಿ. ಧಾರಾವಾಹಿ ಓದಿದ್ದರೆ ಪುಸ್ತಕ ಬರುವ ಹೊತ್ತಿಗೆ ನೀವು ಒಂದು ಹೆಜ್ಜೆ ಮುಂದೆ ಇರುತ್ತೀರಿ. ಕಂತಿಗೆ ಬರೆದ ಕಾದಂಬರಿಯ ಗುರುತು ಪುಸ್ತಕದಲ್ಲಿ ಉಳಿದಿರುತ್ತದೆ: ಪ್ರತಿ ಏಳೆಂಟು ಪುಟಕ್ಕೆ ಒಂದು ಬಾಗಿಲು ಬಡಿಯುವ ಸದ್ದು! ಅದನ್ನು ಪುಸ್ತಕಕ್ಕೆ ಅಂತ ತಿದ್ದಿದ್ದಾರಾ ಇಲ್ಲವಾ ನೋಡಿ.

ನವೆಂಬರ್‌ನಿಂದ ಜನವರಿವರೆಗೆ ಸುಗ್ಗಿ. ರಾಜ್ಯೋತ್ಸವದ ರಿಯಾಯಿತಿ ಮಾರಾಟ, ಡಿಸೆಂಬರಿನಲ್ಲಿ ಬೆಂಗಳೂರು ಸಾಹಿತ್ಯ ಹಬ್ಬ, ಸಾಹಿತ್ಯ ಸಮ್ಮೇಳನ ಆ ಹೊತ್ತಿಗೆ ಬಂದರೆ ಅದರ ಮಳಿಗೆಗಳು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಸಮ್ಮೇಳನ ನಡೆದಾಗ ಅದಕ್ಕೆ ಮುಂಚೆ ನಮ್ಮ ಡಿಟಿಪಿ ಸೆಂಟರಿನಲ್ಲಿ ರಾತ್ರಿ ಹತ್ತಾದರೂ ದೀಪ ಆರುತ್ತಿರಲಿಲ್ಲ. ಎಲ್ಲರಿಗೂ ಸಮ್ಮೇಳನದ ಹೊತ್ತಿಗೆ ಪುಸ್ತಕ ಬೇಕು. ಆ ಅವಸರದಲ್ಲಿ ಬಂದ ಪುಸ್ತಕದಲ್ಲಿ ಅಚ್ಚಿನ ತಪ್ಪು ಹೆಚ್ಚಿದ್ದರೆ ಲೇಖಕರನ್ನು ಬೈಯಬೇಡಿ. (ನಮ್ಮನ್ನೂ ಸ್ವಲ್ಪ ಕಡಿಮೆ ಬೈಯಿರಿ.)

ದುಡ್ಡಿನ ಯೋಚನೆ ಇದ್ದರೆ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಪುಸ್ತಕ, ಆಡಿಯೊ ಪುಸ್ತಕ ಸಿಗುತ್ತವೆ. ಆಡಿಯೊ ಕೇಳಿ ಪರಿಚಯ ಬರೆಯುವವರು ಒಮ್ಮೆ ಅಚ್ಚಿನ ಪ್ರತಿಯನ್ನೂ ನೋಡಬೇಕು. ಓದುವವರ ದನಿ ಚೆನ್ನಾಗಿದ್ದರೆ ಸಪ್ಪೆ ಗದ್ಯವೂ ರುಚಿಯಾಗಿ ಕೇಳಿಸುತ್ತದೆ.

ಮೊದಲು ನೋಡಬೇಕಾದ ಪುಟ

ಪುಸ್ತಕ ಕೈಗೆ ಬಂದ ತಕ್ಷಣ ಎಲ್ಲರೂ ಬೆನ್ನುಡಿ ಓದುತ್ತಾರೆ. ನೀವು ಮುಖಪುಟ ತಿರುಗಿಸಿ ಶೀರ್ಷಿಕೆ ಪುಟದ ಹಿಂಬದಿಗೆ ಹೋಗಿ. ಸಣ್ಣಕ್ಷರದ ಆ ಪುಟವನ್ನು ಯಾರೂ ಓದುವುದಿಲ್ಲ. ನನಗೆ ಅದೇ ಅನ್ನ ಹಾಕುವ ಪುಟ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು "ಮೊದಲ ಮುದ್ರಣ" ಅನ್ನುವ ಸಾಲು. ಎಷ್ಟೋ ಹಳೇ ಕಾದಂಬರಿಗಳು ಹೊಸ ಮುಖಪುಟ ಹಾಕಿಕೊಂಡು ಹೊಸದರ ಜೊತೆ ಮೇಜಿನ ಮೇಲೆ ಕೂರುತ್ತವೆ. ಮರುಮುದ್ರಣ ತಪ್ಪಲ್ಲ. ಆದರೆ ನಲವತ್ತು ವರ್ಷದ ಹಿಂದಿನ ಕಾದಂಬರಿಯನ್ನು "ಹೊಸ ಲೇಖಕರ ಭರವಸೆಯ ಕೃತಿ" ಅಂತ ಬರೆದು ನಗೆಪಾಟಲಾಗಬಾರದು. ಅನುವಾದವಾಗಿದ್ದರೆ ಮೂಲದ ಹೆಸರು, ಮೂಲ ಭಾಷೆ, ಮೂಲ ಬಂದ ವರ್ಷ ಇರಬೇಕು. ಎಷ್ಟೋ ಸಲ ಇಂಗ್ಲಿಷಿನಿಂದ ಅನುವಾದ ಮಾಡಿರುತ್ತಾರೆ, ಮೂಲ ಬೇರೆ ಯಾವುದೋ ಭಾಷೆ ಆಗಿರುತ್ತದೆ. ಅದನ್ನು ನಿಮ್ಮ ಓದುಗರಿಗೆ ಹೇಳಿ.

ಆಮೇಲೆ "ಪ್ರತಿಗಳು: 500" ಅಥವಾ "1000" ಅಂತ ಇದೆಯಾ ನೋಡಿ. ಕೆಲವರು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಐನೂರು ಅಂತಿದ್ದರೆ ಅವಸರ ಮಾಡಿ. ಅದರ ಕೆಳಗೆ ಪುಟ, ಬೆಲೆ, ಕಾಗದ: "70 ಜಿಎಸ್‌ಎಂ ಎನ್.ಎಸ್. ಮ್ಯಾಪ್‌ಲಿಥೋ, ಡೆಮಿ 1/8" ಅಂತ. ಜಿಎಸ್‌ಎಂ ಅಂದರೆ ಕಾಗದದ ತೂಕ, ಅದು ಕಡಿಮೆಯಾದಷ್ಟೂ ಕಾಗದ ತೆಳು. ಮ್ಯಾಪ್‌ಲಿಥೋ ಕಾಗದದ ಜಾತಿ, ಡೆಮಿ 1/8 ಪುಸ್ತಕದ ಅಳತೆ. ಇದೆಲ್ಲ ಓದುಗರಿಗೆ ಯಾಕೆ ಅನ್ನಬೇಡಿ. ನಾನೂರು ರೂಪಾಯಿ ಕೊಟ್ಟು ಪುಸ್ತಕ ತಗೊಂಡವರಿಗೆ ಆಚೆ ಪುಟದ ಅಕ್ಷರ ಈಚೆ ಕಾಣಿಸಿದರೆ ಓದುವುದಕ್ಕೆ ಕಷ್ಟ ಆಗುವುದಿಲ್ಲವಾ? ಅರವತ್ತು ದಾಟಿದ ಓದುಗರು ನಮ್ಮ ಗುಂಪಿನಲ್ಲಿ ಬಹಳ ಇದ್ದಾರೆ. ಅಕ್ಷರದ ಗಾತ್ರ ಸಣ್ಣದಿದ್ದರೆ ನಾನು ಒಂದು ಸಾಲು ಬರೆದೇ ಬರೆಯುತ್ತೇನೆ.

ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಕಥೆಯನ್ನೆಲ್ಲ ಹೇಳಿಬಿಡುತ್ತಾರೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಮುನ್ನುಡಿ ಓದಿ ಶುರು ಮಾಡಿದರೆ ನಿಮ್ಮ ಬರಹದಲ್ಲಿ ಅವರ ವಾಕ್ಯವೇ ನುಸುಳುತ್ತದೆ. ಪತ್ರಿಕೆಗಳಲ್ಲಿ ಬರುವ ಪರಿಚಯಗಳನ್ನು ಮುನ್ನುಡಿಯ ಪಕ್ಕದಲ್ಲಿ ಇಟ್ಟು ನೋಡಿ, ಗೊತ್ತಾಗುತ್ತದೆ.

ಎಷ್ಟು ಹಳೆಯದಾದರೆ ಇತಿಹಾಸ?

ಇದಕ್ಕೆ ಒಂದು ಅಳತೆ ಇದೆ. ಬ್ರಿಟನ್ನಿನಲ್ಲಿ 2010ರಿಂದ ಐತಿಹಾಸಿಕ ಕಾದಂಬರಿಗೆಂದೇ ವಾಲ್ಟರ್ ಸ್ಕಾಟ್ ಹೆಸರಿನ ಪ್ರಶಸ್ತಿ ಕೊಡುತ್ತಾರೆ. ಕಥೆಯ ಬಹುಪಾಲು ಕನಿಷ್ಠ 60 ವರ್ಷ ಹಿಂದೆ ನಡೆದಿರಬೇಕು ಅನ್ನುವುದು ಅದರ ನಿಯಮ. ಸ್ಕಾಟ್ 1814ರಲ್ಲಿ ತನ್ನ ಮೊದಲ ಕಾದಂಬರಿಗೆ ಇಟ್ಟ ಉಪಶೀರ್ಷಿಕೆಯಲ್ಲಿ "ಅರವತ್ತು ವರ್ಷದ ಹಿಂದೆ" ಅನ್ನುವ ಮಾತಿತ್ತು, ನಿಯಮ ಬಂದದ್ದು ಅಲ್ಲಿಂದ. ನಮಗೂ ಇದು ಸರಿಯಾಗಿ ಕೂರುತ್ತದೆ. ನಮ್ಮ ಸಂವತ್ಸರಗಳು ಅರವತ್ತು. ಒಂದು ಸುತ್ತು ಮುಗಿದದ್ದೆಲ್ಲ ಇತಿಹಾಸ. ಹಾಗೆ ನೋಡಿದರೆ 1956ರ ಏಕೀಕರಣದ ಕಥೆ ಐತಿಹಾಸಿಕ, ತುರ್ತುಪರಿಸ್ಥಿತಿಯ ಕಥೆಗೆ ಇನ್ನೂ ಸ್ವಲ್ಪ ಕಾಯಬೇಕು.

ಸಂವತ್ಸರದ ಮಾತು ಬಂತು ಅಂತ ಒಂದು ಕೈಲೆಕ್ಕ ಹೇಳಿಕೊಡುತ್ತೇನೆ. ಶಾಸನದ ಧಾಟಿಯಲ್ಲಿ ದಿನಾಂಕ ಹಾಕುವುದು ಈಗಿನ ಕಾದಂಬರಿಕಾರರಿಗೆ ಇಷ್ಟ. "ಶಕವರುಷ ಇಷ್ಟನೆಯ ಇಂಥ ಸಂವತ್ಸರದ ಪುಷ್ಯ ಮಾಸದಲ್ಲಿ" ಅಂತ ಬರೆದಿರುತ್ತಾರೆ. ಶಕ ವರ್ಷಕ್ಕೆ 78 ಸೇರಿಸಿದರೆ ಇಸವಿ ಸಿಗುತ್ತದೆ. ಆದರೆ ಶಕ ವರ್ಷ ಯುಗಾದಿಗೆ ಬದಲಾಗುವುದರಿಂದ ಜನವರಿಯಿಂದ ಯುಗಾದಿಯ ತನಕ 79 ಸೇರಿಸಬೇಕು. ಸಂವತ್ಸರಕ್ಕೆ ಒಂದು ಗೂಟ ಬೇಕು: ಮೊದಲನೆಯದಾದ ಪ್ರಭವ 1987ರ ಯುಗಾದಿಗೆ ಶುರುವಾಯಿತು. ಅಲ್ಲಿಂದ ಅರವತ್ತರಂತೆ ಹಿಂದೆ ಹೋಗಿ.

ತಾಳಿಕೋಟೆ ಯುದ್ಧವನ್ನೇ ತಗೊಳ್ಳಿ. ಅದು ನಡೆದದ್ದು 1565ರ ಜನವರಿಯಲ್ಲಿ. 1987ರಿಂದ ಏಳು ಅರವತ್ತು ಕಳೆದರೆ 1567, ಅದು ಪ್ರಭವ. ಅದರ ಹಿಂದಿನದು ಅಕ್ಷಯ, ಅದಕ್ಕೂ ಹಿಂದೆ ಕ್ರೋಧನ, ಅದಕ್ಕೂ ಹಿಂದೆ 1564ರ ಯುಗಾದಿಗೆ ಶುರುವಾದ ರಕ್ತಾಕ್ಷಿ. ಜನವರಿ ಅಂದಮೇಲೆ ಇನ್ನೂ ಯುಗಾದಿ ಬಂದಿಲ್ಲ. ಹಾಗಾಗಿ ಯುದ್ಧ ನಡೆದದ್ದು ರಕ್ತಾಕ್ಷಿಯಲ್ಲಿ, ಶಕ 1486ರಲ್ಲಿ. ಹೆಸರು ನೋಡಿ, ಯಾರೋ ಕಥೆಗಾರರೇ ಬೇಕೂಂತ ಇಟ್ಟ ಹಾಗಿದೆ. ಕಾದಂಬರಿಯಲ್ಲಿ ಕ್ರೋಧನ ಅಂತ ಬರೆದಿದ್ದರೆ ಲೇಖಕರು ಯುಗಾದಿಯನ್ನು ಮರೆತಿದ್ದಾರೆ ಅಂತ ಗೊತ್ತಾಗುತ್ತದೆ. ಇದು ಪುಸ್ತಕವನ್ನು ಕೆಡಿಸುವ ತಪ್ಪಲ್ಲ. ಆದರೆ ಇಂಥದ್ದು ನಾಲ್ಕು ಸಿಕ್ಕಿದರೆ ಐದನೆಯದನ್ನು ನಂಬುವುದು ಕಷ್ಟ.

ಅಡುಗೆಮನೆಗೆ ಹೋಗಿ ನೋಡಿ

ಐತಿಹಾಸಿಕ ಕಾದಂಬರಿಯಲ್ಲಿ ಯುದ್ಧದ ವರ್ಣನೆ ಸರಿಯಿದ್ದೇ ಇರುತ್ತದೆ. ಲೇಖಕರು ಅದನ್ನು ಮೂರು ಸಲ ಪರೀಕ್ಷೆ ಮಾಡಿರುತ್ತಾರೆ. ಎಡವುವುದು ಅಡುಗೆಮನೆಯಲ್ಲಿ. ಹೊಯ್ಸಳರ ಕಾಲದ ಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಬಿತ್ತು ಅಂದರೆ ಪೆನ್ಸಿಲ್ ತಗೊಳ್ಳಿ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೇಕಾಯಿ, ಸೀಬೆ, ಪರಂಗಿ, ಜೋಳದಲ್ಲಿ ಮುಸುಕಿನ ಜೋಳ, ಹೊಗೆಸೊಪ್ಪು, ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ, ಗೋವೆ ಹಿಡಿದದ್ದು 1510ರಲ್ಲಿ. ಹೊಯ್ಸಳರ ರಾಜ್ಯ ಅಷ್ಟು ಹೊತ್ತಿಗೆ ಮುಗಿದು ನೂರೈವತ್ತು ವರ್ಷ ಆಗಿತ್ತು. ಅವರ ಸಾರಿಗೆ ಖಾರ ಬರಬೇಕಾದದ್ದು ಕಾಳುಮೆಣಸಿನಿಂದ, ಹಿಪ್ಪಲಿಯಿಂದ. ಹುಣಸೆ, ರಾಗಿ, ಬೆಲ್ಲ, ತೆಂಗು ಇರಬಹುದು, ತೊಂದರೆ ಇಲ್ಲ.

ಹೊತ್ತು ಹೇಳುವ ರೀತಿ ನೋಡಿ. ಹೊಯ್ಸಳ ಸೈನಿಕ "ಐದು ನಿಮಿಷ ತಾಳು" ಅಂದರೆ ಕಿವಿಗೆ ಬಡಿಯುತ್ತದೆ. ಘಳಿಗೆ ಅಂದರೆ 24 ನಿಮಿಷ, ದಿನಕ್ಕೆ ಅರವತ್ತು ಘಳಿಗೆ, ಎಂಟು ಜಾವ. ದುಡ್ಡಿನಲ್ಲಿ ಗದ್ಯಾಣ, ವರಹ, ಹಣ. ಒಬ್ಬ ಹೆಂಗಸು ಸಂತೆಯಲ್ಲಿ ಒಂದು ಹಿಡಿ ಸೊಪ್ಪಿಗೆ ಚಿನ್ನದ ವರಹ ಕೊಟ್ಟರೆ ಅದು ತಮಾಷೆ. ಸಿನಿಮಾದಲ್ಲಿ ನಡೆಯುತ್ತದೆ, ಕಾದಂಬರಿಯಲ್ಲಿ ನಡೆಯಬಾರದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ತಪ್ಪು ಹುಡುಕುವ ಚಟ ಹತ್ತಿದರೆ ಸರಿ ಇದ್ದದ್ದೂ ತಪ್ಪಾಗಿ ಕಾಣುತ್ತದೆ. ಕೃಷ್ಣದೇವರಾಯನ ಸೈನ್ಯದಲ್ಲಿ ಬಂದೂಕು ಕಂಡ ತಕ್ಷಣ "ಅಯ್ಯೋ" ಅನ್ನುವವರಿದ್ದಾರೆ. 1520ರ ರಾಯಚೂರು ಯುದ್ಧದಲ್ಲಿ ಅವನ ಕಡೆ ಪೋರ್ಚುಗೀಸ್ ಬಂದೂಕುಗಾರರು ಇದ್ದರು. ಆ ಯುದ್ಧದ ವಿವರ ಬರೆದಿಟ್ಟ ನೂನಿಜ್ ಅವರ ದೇಶದವನೇ. ಬರೆಯುವ ಮುಂಚೆ ಒಮ್ಮೆ ನೋಡಿ.

ನೋಡುವುದಕ್ಕೆ ಬೆಂಗಳೂರಿನಲ್ಲಿ ಅನುಕೂಲ ಬೇಕಾದಷ್ಟಿದೆ. ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಸಂಪುಟಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರದ್ದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇದೆ, ಅಲ್ಲಿ ಗ್ರಂಥಾಲಯವೂ ಇದೆ. ನಮ್ಮ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸವನ್ನೂ ಅವರು ಮಾಡುತ್ತಿದ್ದಾರೆ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಹತ್ತಿರವೇ ಇದೆ. ಹೊಸ ಕಾದಂಬರಿ ಗ್ರಂಥಾಲಯಕ್ಕೆ ಬರುವುದು ತಡ, ಆದರೆ ಹಳೇ ಪುಸ್ತಕ ನೋಡಿ ಹೊಸದನ್ನು ತೂಗುವುದಕ್ಕೆ ಅದಕ್ಕಿಂತ ತಣ್ಣನೆಯ ಜಾಗ ಬೇರೆ ಇಲ್ಲ.

ಕಥೆ ಬೆಂಗಳೂರಿನದೇ ಆಗಿದ್ದರೆ ಎದ್ದು ನಡೆಯಿರಿ. ಹೋದ ವರ್ಷ ಓದಿದ ಒಂದು ಕಾದಂಬರಿ 1791ರ ಬೆಂಗಳೂರು ಪೇಟೆಯಲ್ಲಿ ನಡೆಯುತ್ತದೆ, ಬ್ರಿಟಿಷರು ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಹೊತ್ತು. ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್ 7ರಂದು ಹಲಸೂರು ಬಾಗಿಲಿನ ಕಡೆಯಿಂದ ಪೇಟೆಗೆ ನುಗ್ಗಿತು. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು, ಕೋಟೆಯ ಹೊಣೆ ಹೊತ್ತ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಾ ಸತ್ತ. ಈ ಎರಡು ತಾರೀಖಿನ ನಡುವಿನ ಎರಡು ವಾರವೇ ಕಾದಂಬರಿ. ನಾಯಕಿ ದೊಡ್ಡಪೇಟೆಯಲ್ಲಿ ಬತ್ತಿ, ಎಣ್ಣೆ ಮಾರುವವಳು. ನಾನು ಪುಸ್ತಕ ಬ್ಯಾಗಿನಲ್ಲಿಟ್ಟುಕೊಂಡು ಅವಳು ಓಡಿದ ದಾರಿಯಲ್ಲಿ ನಡೆದೆ. ದೊಡ್ಡಪೇಟೆ ಅಂದರೆ ಈಗಿನ ಅವೆನ್ಯೂ ರಸ್ತೆ. ಎರಡೂ ಕಡೆ ಪಠ್ಯಪುಸ್ತಕ, ಮದುವೆ ಕಾರ್ಡು, ತಳ್ಳುಗಾಡಿ. ಅಲ್ಲಿಂದ ಮಾರ್ಕೆಟ್ಟಿನ ಕಡೆ ಬಂದರೆ ಕೋಟೆಯ ಉಳಿದ ಭಾಗ, ಗೋಡೆ ಒಡೆದ ಜಾಗದಲ್ಲಿ ಆ ತಾರೀಖು ಕೆತ್ತಿದ ಕಲ್ಲು. ಕಾದಂಬರಿಯಲ್ಲಿ ಅವಳು ತಲೆಯ ಮೇಲೆ ಎಣ್ಣೆಯ ಗಡಿಗೆ ಹೊತ್ತು "ಒಂದು ಎಲೆಅಡಿಕೆ ಅಗಿಯುವಷ್ಟರಲ್ಲಿ" ಪೇಟೆಯಿಂದ ಕೋಟೆ ತಲುಪುತ್ತಾಳೆ. ಬರಿಗೈಯಲ್ಲಿ ನಡೆದ ನನಗೂ ಆ ಜನಜಂಗುಳಿಯಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯಿತು. ಆದರೆ ಆಗ ಜನ ಓಡಿಹೋಗಿ ಪೇಟೆ ಖಾಲಿ ಬಿದ್ದಿತ್ತು ಅಂತ ಲೇಖಕರು ಎರಡು ಪುಟ ಹಿಂದೆಯೇ ಬರೆದಿದ್ದಾರೆ. ಖಾಲಿ ರಸ್ತೆಯಲ್ಲಿ ಭಯದಲ್ಲಿ ಓಡುವವಳಿಗೆ ಅಷ್ಟೇ ಸಾಕು. ನನ್ನ ಪರಿಚಯದಲ್ಲಿ ಇದನ್ನೇ ಬರೆದೆ. ಯುದ್ಧದ ಬಗ್ಗೆ ಬರೆದ ಪ್ಯಾರಾಕ್ಕಿಂತ ಈ ಪ್ಯಾರಾ ಓದಿ ಪುಸ್ತಕ ಕೊಂಡವರು ಜಾಸ್ತಿ.

ವಿವರ ಸರಿಯಿದ್ದರೆ ಸಾಕಾ?

ಸಾಕಾಗುವುದಿಲ್ಲ. ಮೆಣಸಿನಕಾಯಿ ಇಲ್ಲದ, ಸಂವತ್ಸರ ಸರಿಯಿರುವ, ಆದರೆ ಓದಲಾಗದ ಕಾದಂಬರಿಗಳು ಬೇಕಾದಷ್ಟಿವೆ. ನಾನು ಕೇಳಿಕೊಳ್ಳುವ ಮುಖ್ಯ ಪ್ರಶ್ನೆ ಒಂದೇ: ಈ ಜನ ಆ ಕಾಲದಲ್ಲಿ ಬದುಕುತ್ತಿದ್ದಾರಾ, ಇಲ್ಲ 2020ರ ನಂತರದ ಟಿವಿ ಚರ್ಚೆಯನ್ನು ಪಂಚೆ ಉಟ್ಟು ಮಾಡುತ್ತಿದ್ದಾರಾ? ಇವತ್ತಿನ ಜಗಳವನ್ನು ಹಳೇ ರಾಜನ ಬಾಯಲ್ಲಿ ಆಡಿಸುವುದು ಈಗ ಬಹಳ ನಡೆಯುತ್ತಿದೆ. ಎಡದವರು ಮಾಡುತ್ತಾರೆ, ಬಲದವರೂ ಮಾಡುತ್ತಾರೆ. ಗುರುತು ಹಿಡಿಯುವುದು ಸುಲಭ. ಅಂಥ ಕಾದಂಬರಿಯಲ್ಲಿ ಮುಂದೆ ಏನಾಗುತ್ತದೆ ಅನ್ನುವುದು ಪಾತ್ರಗಳಿಗೆ ಮೊದಲೇ ಗೊತ್ತಿರುತ್ತದೆ. 1564ರಲ್ಲಿ ಹಂಪಿಯ ಬಜಾರಿನಲ್ಲಿ ಕೂತ ವ್ಯಾಪಾರಿಗೆ ಮುಂದಿನ ವರ್ಷ ಊರೇ ಹಾಳಾಗುತ್ತದೆ ಅಂತ ಗೊತ್ತಿರುವುದಿಲ್ಲ. ಅವನ ಚಿಂತೆ ಬಾಕಿ ವಸೂಲಿ, ಮಗಳ ಮದುವೆ, ಈ ಸಲದ ಮಳೆ. ಲೇಖಕರು ಅವನಿಗೆ ಅಷ್ಟು ಅಜ್ಞಾನ ಉಳಿಸಿಕೊಟ್ಟಿದ್ದರೆ ಕಾದಂಬರಿ ಅರ್ಧ ಗೆದ್ದ ಹಾಗೆ.

ಇನ್ನೊಂದು, ಪಾತ್ರಗಳು ಆಡುವ ಮಾತು. ರಾಜ ಬಂದರೆ ಕಂಪನಿ ನಾಟಕದ ಗದ್ಯ, ಆಳು ಬಂದರೆ ಮಂಡ್ಯದ ಮಾತು. ಇದು ಸಿದ್ಧ ಅಚ್ಚು. ಇದನ್ನು ದಾಟಿದವರು ಸಿಕ್ಕಿದರೆ ಎರಡು ಸಾಲು ಎತ್ತಿ ತೋರಿಸಿ.

ಇತಿಹಾಸವಲ್ಲದ ಗಂಭೀರ ಕಾದಂಬರಿಗೆ ಈ ಪರೀಕ್ಷೆಗಳು ಬೇಕಿಲ್ಲ, ಕಿವಿ ಬೇಕು. ಕುಂದಾಪುರದ ಕನ್ನಡವೋ ಧಾರವಾಡದ್ದೋ ಇದ್ದರೆ ಒಂದು ಪುಟ ಜೋರಾಗಿ ಓದಿ. ಮನೆಯಲ್ಲಿ ಯಾರಾದರೂ ನಕ್ಕರೂ ಪರವಾಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ನಮ್ಮಂಥವರು "ಭಾಷೆ ಕಷ್ಟ" ಅಂತ ಬರೆದು ಕೈತೊಳೆದುಕೊಳ್ಳುತ್ತೇವೆ. ಮೂವತ್ತು ಪುಟ ದಾಟಿದರೆ ಕಿವಿ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳಲಿಲ್ಲ ಅಂದರೆ ಆಗ ಬರೆಯಿರಿ. ಕಥೆ ಯಾರ ಬಾಯಲ್ಲಿ ಬರುತ್ತಿದೆ, ಯಾರ ಬಾಯಿ ಮುಚ್ಚಿದೆ ಅನ್ನುವುದನ್ನೂ ನೋಡಿ.

ಓದುವಾಗ ನೋಟ್‌ಬುಕ್ ಇಟ್ಟುಕೊಳ್ಳಬೇಡಿ, ಓಟ ತಪ್ಪುತ್ತದೆ. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪುಟ ಸಂಖ್ಯೆ, ಪಕ್ಕದಲ್ಲಿ ಒಂದೆರಡು ಪದ. "112 ಎಣ್ಣೆ ಗಡಿಗೆ." "204 ನಿದ್ದೆ ಬಂತು." ನಿದ್ದೆ ಬಂದದ್ದನ್ನೂ ಬರೆಯಿರಿ, ಅದೂ ಸಾಕ್ಷಿ.

ಬರೆಯಲು ಕೂತಾಗ

ಮೊದಲ ಪ್ಯಾರಾದಲ್ಲಿ ಲೇಖಕರ ಊರು, ಕೆಲಸ, ಹಿಂದಿನ ಕೃತಿಗಳು, ಬಂದ ಪ್ರಶಸ್ತಿಗಳು ಬೇಡ. ಅದೆಲ್ಲ ಬೆನ್ನುಡಿಯಲ್ಲಿದೆ. ಕಾದಂಬರಿಯ ಒಂದು ಜಾಗದಿಂದ ಶುರು ಮಾಡಿ: ಆ ಎಣ್ಣೆ ಗಡಿಗೆ ಹೊತ್ತ ಓಟದಂಥದ್ದು. ಆಮೇಲೆ ಕಾಲ, ಊರು, ಯಾರ ಕಥೆ, ಐದಾರು ಸಾಲಿನಲ್ಲಿ. ಕಥಾಸಾರ ಪುಸ್ತಕದ ಮೂರನೇ ಒಂದು ಭಾಗಕ್ಕೇ ನಿಲ್ಲಲಿ. ಟಿಪ್ಪು 1799ರಲ್ಲಿ ಸಾಯುತ್ತಾನೆ ಅಂತ ಬರೆದರೆ ಗುಟ್ಟು ಬಿಟ್ಟುಕೊಟ್ಟ ಹಾಗೆ ಆಗುವುದಿಲ್ಲ, ಅಲ್ವಾ? ಆದರೆ ಎಣ್ಣೆ ಮಾರುವವಳು ಬದುಕಿದಳಾ ಅನ್ನುವುದನ್ನು ಹೇಳಬೇಡಿ. ಅವಳು ಲೇಖಕರ ಸ್ವಂತ ಆಸ್ತಿ.

"ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ", "ಸಂಗ್ರಹಯೋಗ್ಯ", "ಸಾಹಿತ್ಯ ಲೋಕಕ್ಕೆ ಮಹತ್ವದ ಕೊಡುಗೆ", ಇವು ಮೂರೂ ಬೇಡ. ಇವನ್ನು ಪುಸ್ತಕ ಓದದೆಯೂ ಬರೆಯಬಹುದು. ಅದರ ಬದಲು ಈ ಪುಸ್ತಕ ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸಲಾರದು ಅಂತ ಹೇಳಿ. "ಯುದ್ಧ ಬೇಕು ಅನ್ನುವವರಿಗೆ ಇಲ್ಲಿ ಹತ್ತು ಪುಟವೂ ಇಲ್ಲ. ಊರಿನ ಹೆಂಗಸರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಅನ್ನುವ ಕುತೂಹಲ ಇದ್ದರೆ ತಗೊಳ್ಳಿ." ನಾನೂರು ರೂಪಾಯಿ ಕೊಡುವವರಿಗೆ ಬೇಕಾಗಿರುವುದು ಇದು. ತಪ್ಪು ಹೇಳುವಾಗ ಪುಟ ಸಂಖ್ಯೆ ಕೊಡಿ. ಹೊಗಳುವಾಗಲೂ ಕೊಡಿ.

ಪುರವಣಿಗೆ ಕಳಿಸುವುದಾದರೆ ಐನೂರು ಪದದೊಳಗೆ ಮುಗಿಸಿ, ಯೂನಿಕೋಡಿನಲ್ಲಿ ಟೈಪ್ ಮಾಡಿ, ಮುಖಪುಟದ ಚಿತ್ರ ಜೊತೆಗಿಡಿ. ಕೊನೆಯಲ್ಲಿ ಹೆಸರು, ಲೇಖಕರು, ಪ್ರಕಾಶಕರು, ಪುಟ, ಬೆಲೆ. ಹದಿನೈದು ದಿನ ಉತ್ತರ ಬರಲಿಲ್ಲ ಅಂದರೆ ಒಂದು ಸಲ ನೆನಪಿಸಿ, ಆಮೇಲೆ ಬೇರೆ ಕಡೆ ಹಾಕಿ. ಮೂರು ತಿಂಗಳ ಲೆಕ್ಕ ಮರೆಯಬೇಡಿ. ಒಂದು ಪುರವಣಿಯವರು ನನ್ನ ಬರಹವನ್ನು ಎಂಟು ತಿಂಗಳು ಇಟ್ಟುಕೊಂಡು ಹಾಕಿದರು. ಅಷ್ಟು ಹೊತ್ತಿಗೆ ಆ ಪುಸ್ತಕ ಯಾವ ಅಂಗಡಿಯಲ್ಲೂ ಇರಲಿಲ್ಲ.

ಇನ್ನು ದಾಕ್ಷಿಣ್ಯ. ಕನ್ನಡದ ಪುಸ್ತಕ ಲೋಕ ಬಹಳ ಚಿಕ್ಕದು. ನೀವು ಬರೆದ ವಾರದಲ್ಲೇ ಲೇಖಕರು ಯಾವುದೋ ಬಿಡುಗಡೆಯಲ್ಲಿ ಎದುರಿಗೆ ಸಿಗುತ್ತಾರೆ. ನಾನು ಕರಡು ತಿದ್ದಿದ ಪುಸ್ತಕದ ಬಗ್ಗೆ ಬರೆಯುವುದಿಲ್ಲ. ಸ್ನೇಹಿತರ ಪುಸ್ತಕವಾದರೆ ಸ್ನೇಹಿತರು ಅಂತ ಮೊದಲ ಸಾಲಿನಲ್ಲೇ ಹೇಳುತ್ತೇನೆ. ಗೌರವ ಪ್ರತಿ ಬಂದರೆ ತಗೊಳ್ಳಿ, ಆದರೆ ಬರೆಯುತ್ತೇನೆ ಅಂತ ಮಾತು ಕೊಡಬೇಡಿ. "ಓದ್ತೀನಿ ಸಾರ್" ಅನ್ನುವುದು ಸಾಕು. ಹಿಡಿಸದೆ ಇದ್ದದ್ದನ್ನು ಬರೆಯುವಾಗ ಲೇಖಕರು ಎದುರಿಗೆ ಕೂತಿದ್ದರೆ ಹೇಳಬಲ್ಲೆನಾ ಅಂತ ಕೇಳಿಕೊಳ್ಳಿ. ಹೇಳಬಲ್ಲೆ ಅನ್ನಿಸಿದ ವಾಕ್ಯ ಇರಲಿ, ಉಳಿದದ್ದು ತೆಗೆಯಿರಿ.

ಫೋನ್ ಬಂದೇ ಬರುತ್ತದೆ. ಸಂವತ್ಸರ ತಪ್ಪಾಗಿದೆ ಅಂತ ಬರೆದಾಗ ಒಬ್ಬ ಹಿರಿಯ ಲೇಖಕರು ಫೋನ್ ಮಾಡಿದರು. "ಏನಮ್ಮಾ, ಇಡೀ ಕಾದಂಬರೀಲಿ ನಿಮಗೆ ಅದೊಂದೇ ಕಂಡಿದ್ದಾ?" ಅಂದರು. "ಇಲ್ಲ ಸಾರ್, ಎಂಬತ್ತೆಂಟನೇ ಪುಟದ ದೋಣಿ ದಾಟೋ ಸನ್ನಿವೇಶದ ಬಗ್ಗೆನೂ ಬರೆದಿದ್ದೀನಲ್ಲ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಯುಗಾದಿಯ ಲೆಕ್ಕ ಹೇಗೆ ಹಾಕಿದಿರಿ ಅಂತ ಕೇಳಿದರು, ಹೇಳಿದೆ. ಎರಡನೇ ಮುದ್ರಣದ ಕರಡು ನೋಡಿಕೊಡ್ತೀರಾ ಅಂತ ಈಚೆಗೆ ಕೇಳಿ ಕಳಿಸಿದ್ದಾರೆ. ಒಪ್ಪಿಕೊಂಡಿದ್ದೇನೆ, ಹಾಗಾಗಿ ಅವರ ಮುಂದಿನ ಕಾದಂಬರಿಯ ಬಗ್ಗೆ ನಿಮ್ಮಲ್ಲೇ ಯಾರಾದರೂ ಬರೆಯಬೇಕು.